ಕುಮ್ಸಾರಿನಲ್ಲಿ ಕೇಳಿದ್ದನ್ನು ಫಾದರ್ ಪೊಲೀಸರಿಗೆ ಹೇಳಲೇಬೇಕಾ?

ಕಡಲಬದಿ, ಕಾರವಾರ:

ಎಲ್ಲರಿಗೂ ನಮಸ್ಕಾರ. ಇಲ್ಲಿ ವಕೀಲರೂ ಇದ್ದೀರಿ, ಇಗರ್ಜಿಯ (ಚರ್ಚಿನ) ವಿಷಯ ಬಲ್ಲವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಕುಮ್ಸಾರು ಅಂದರೆ ಪಾಪನಿವೇದನೆ, ಫಾದರ್ ಹತ್ತಿರ ಗುಟ್ಟಾಗಿ ನಮ್ಮ ಪಾಪ ಹೇಳಿಕೊಳ್ಳುವುದು. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಹೇಳಿ.

ನಮ್ಮದು ಕಾರವಾರಕ್ಕೂ ಅಂಕೋಲಾಕ್ಕೂ ನಡುವಿನ ಒಂದು ಹಳ್ಳಿ. ಹೆದ್ದಾರಿ ಬಿಟ್ಟು ಐದು ನಿಮಿಷ ನಡೆದರೆ ಸಮುದ್ರ. ಅಪ್ಪ ಮೀನು ಹಿಡಿಯುತ್ತಿದ್ದರು, ತೀರಿಹೋಗಿ ಆರು ವರ್ಷ ಆಯಿತು. ಮನೆಯಲ್ಲಿ ಈಗ ಅಮ್ಮ ಮತ್ತು ನಾನು. ನಾನು ಶಾಲೆಗೆ ಹೋದರೆ ಸಂಜೆ ಐದಕ್ಕೇ ವಾಪಸ್. ಅಮ್ಮನಿಗೆ 78, ಮೊಣಕಾಲು ಬಗ್ಗುವುದಿಲ್ಲ. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದರು. ಹೆಸರು ಬೇಡ, ಬಾಯಿ ಅಂತಲೇ ಬರೆಯುತ್ತೇನೆ. ನಾಲ್ಕು ವರ್ಷ ಬಂದರು. ಅಮ್ಮನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಮಧ್ಯಾಹ್ನ ಇಬ್ಬರೂ ಒಣಮೀನು ಸುಟ್ಟುಕೊಂಡು ಗಂಜಿ ಊಟ ಮಾಡುತ್ತಿದ್ದರು.

ಕಳೆದ ನವೆಂಬರ್‌ನಲ್ಲಿ ಅಮ್ಮನ ಸರ ಕಾಣೆಯಾಯಿತು. ಮೂರು ತೊಲೆ, ಮದುವೆಯಲ್ಲಿ ಹಾಕಿದ್ದು. ಅದರ ಕೊಂಡಿ ಸಡಿಲ ಆಗಿತ್ತು. ಅಕ್ಕಸಾಲಿಗರಿಗೆ ಕೊಡಲು ಅಮ್ಮನಿಗೆ ಮನಸ್ಸಿಲ್ಲ, ತೂಕ ಕಡಿಮೆಯಾಗುತ್ತದೆ ಅಂತ. ಅಪ್ಪ ಬದುಕಿದ್ದಾಗ ಬಲೆ ಹೊಲಿಯುವ ನೀಲಿ ನೈಲಾನ್ ನೂಲಿನಿಂದ ಆ ಕೊಂಡಿಯನ್ನು ಬಿಗಿದು ಗಂಟು ಹಾಕಿಕೊಟ್ಟಿದ್ದರು. ಬಲೆಗೆ ಹಾಕುವ ಗಂಟೇ. ಎಳೆದಷ್ಟೂ ಬಿಗಿಯಾಗುವಂಥದ್ದು.

ಆ ವಾರ ನವೆಂಬರ್ 2ರ ಸತ್ತವರ ಹಬ್ಬಕ್ಕೆ ನೆಂಟರು ಬಂದು ಹೋಗಿದ್ದರು. ಕ್ರಿಸ್‌ಮಸ್‌ಗೆ ಮೊದಲೇ ಮುಗಿಸೋಣ ಅಂತ ಇಬ್ಬರು ಬಣ್ಣ ಬಳಿಯುತ್ತಿದ್ದರು. ಮನೆಗೆ ಬಂದುಹೋದವರು ಎಷ್ಟೋ ಜನ. ಆದರೆ ಕುವೈತ್‌ನಿಂದ ಅಣ್ಣ ಫೋನ್ ಮಾಡಿ ಹೇಳಿದ್ದು ಒಂದೇ ಮಾತು, "ಬಾಯಿ ಬಿಟ್ಟು ಇನ್ಯಾರು?" ನಾನು ಠಾಣೆಗೆ ಹೋಗಿ ದೂರು ಕೊಟ್ಟೆ. ಯಾರ ಮೇಲಾದರೂ ಅನುಮಾನ ಇದೆಯಾ ಅಂದರು. ನಾನೇ ನನ್ನ ಕೈಯಾರೆ ಬಾಯಿಯ ಹೆಸರು ಬರೆದುಕೊಟ್ಟೆ. ಅವರನ್ನು ಎರಡು ಸಲ ಕರೆಸಿ ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂರಿಸಿದರು. ಏನೂ ಸಿಗಲಿಲ್ಲ. ಬಾಯಿ ಆಮೇಲೆ ನಮ್ಮ ಮನೆ ಕಡೆ ಬರಲಿಲ್ಲ. ಅವರು ಹೋಗುತ್ತಿದ್ದ ಇನ್ನೆರಡು ಮನೆಯವರೂ ಬರಬೇಡ ಅಂದರಂತೆ.

ಈಗ ವಿಷಯಕ್ಕೆ ಬರುತ್ತೇನೆ. ಈಸ್ಟರ್‌ಗೆ ಮೊದಲಿನ ಈ ತಪಸ್ಸುಕಾಲದ ಒಂದು ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಫಾದರ್ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಒಂದು ಕಂದು ಕವರು ಇಟ್ಟರು. "ಇದು ನಿಮ್ಮ ತಾಯಿಯದು, ತೆಗೆದುಕೊಳ್ಳಿ. ನನ್ನನ್ನು ಏನೂ ಕೇಳಬೇಡಿ" ಅಂದರು. ಒಳಗೆ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿದ ಸರ. ಕೊಂಡಿಯಲ್ಲಿ ಅಪ್ಪನ ನೀಲಿ ಗಂಟು ಹಾಗೇ ಇತ್ತು. ತೆಗೆದವರು ಅದನ್ನು ಬಿಚ್ಚಿರಲಿಲ್ಲ, ಕತ್ತರಿಸಿಯೂ ಇರಲಿಲ್ಲ.

ನಾನು ಯಾರು ಅಂತ ಕೇಳಲಿಲ್ಲ. ಒಂದೇ ಒಂದು ಮಾತು ಕೇಳಿದೆ. "ಫಾದರ್, ಬಾಯಿ ಅಲ್ಲ ತಾನೇ? ಅಷ್ಟು ಹೇಳಿ ಸಾಕು." ಅವರು ಕೊರಳಿನ ನೇರಳೆ ಸ್ಟೋಲ್ ತೆಗೆದರು, ಕುಮ್ಸಾರು ಕೇಳುವಾಗ ಹಾಕಿಕೊಳ್ಳುವ ಪಟ್ಟಿ. ಮಡಿಸಿದರು. ಅದರ ಶಿಲುಬೆಗೆ ಮುತ್ತಿಟ್ಟು ಡ್ರಾಯರಿನಲ್ಲಿಟ್ಟರು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮುಖದಲ್ಲೂ ಏನೂ ಇರಲಿಲ್ಲ.

ಅಣ್ಣನಿಗೆ ಹೇಳಿದೆ. ಅವನು ಈಗ ಫಾದರ್ ಹಿಂದೆ ಬಿದ್ದಿದ್ದಾನೆ. ಪೊಲೀಸರಿಗೆ ಹೇಳಿ ಅವರ ಬಾಯಿ ಬಿಡಿಸು, ಕಳ್ಳಮಾಲು ಇಟ್ಟುಕೊಂಡಿದ್ದಕ್ಕೆ ಅವರ ಮೇಲೂ ಕೇಸು ಹಾಕಬಹುದು ಅನ್ನುತ್ತಾನೆ. ಫಾದರ್‌ಗೆ 67 ವರ್ಷ. ಅಪ್ಪನ ಕೊನೆಯ ರಾತ್ರಿ ಮಳೆಯಲ್ಲಿ ಕೊಡೆ ಹಿಡಿದು ನಡೆದು ಬಂದು ಕಾಯಿಲೆಯವರಿಗೆ ಪವಿತ್ರ ತೈಲ ಹಚ್ಚುವ ಅಭ್ಯಂಗ ಕೊಟ್ಟವರು.

ನನಗೆ ತಿಳಿಯಬೇಕಾದದ್ದು ಎರಡು. ಕುಮ್ಸಾರಿನ ಗುಟ್ಟಿಗೆ ನಮ್ಮ ದೇಶದ ಕಾನೂನಿನಲ್ಲಿ ರಕ್ಷಣೆ ಇದೆಯಾ? ಇನ್ನೊಂದು, ಯಾರು ಕದ್ದರು ಅಂತ ಹೇಳುವುದು ಬೇಡ, ಒಪ್ಪಿದೆ. ಆದರೆ ಒಬ್ಬ ಬಡ ಹೆಂಗಸು ಕದ್ದಿಲ್ಲ ಅಂತ ಹೇಳಲು ಏನು ಅಡ್ಡಿ? ರಾತ್ರಿ ನಿದ್ದೆ ಬರುತ್ತಿಲ್ಲ.

ಬನವಾಸಿ ರಸ್ತೆ, ಶಿರಸಿ:

ನಾನು ಕ್ರೈಸ್ತನಲ್ಲ, ಆದರೂ ಓದಿ ಮನಸ್ಸಿಗೆ ತಟ್ಟಿತು. ವಕೀಲರ ಹತ್ತಿರ ಹೇಳಿದ್ದನ್ನು ಕೋರ್ಟು ಕೇಳುವಂತಿಲ್ಲ ಅಂತ ಕೇಳಿದ್ದೇನೆ. ಹಾಗಿದ್ದ ಮೇಲೆ ಪಾದ್ರಿಗಳ ಹತ್ತಿರ ಹೇಳಿದ್ದಕ್ಕೂ ಅದೇ ನಿಯಮ ಇರಬೇಕಲ್ವಾ?

ಕರಿಕೋಟು, ಶಿರಸಿ:

ಇರಬೇಕು ಅನ್ನಿಸುತ್ತದೆ, ಆದರೆ ಇಲ್ಲ. ಶಿರಸಿ, ಕಾರವಾರ ಎರಡೂ ಕಡೆ ಕ್ರಿಮಿನಲ್ ಕೇಸು ನಡೆಸುವವನು ನಾನು. ನೇರವಾಗಿಯೇ ಹೇಳುತ್ತೇನೆ.

ನಮ್ಮ ಸಾಕ್ಷ್ಯ ಕಾನೂನು ಹುಟ್ಟಿದ್ದು 1872ರಲ್ಲಿ. ಗಂಡ ಹೆಂಡತಿ ತಮ್ಮೊಳಗೆ ಆಡಿಕೊಂಡ ಮಾತಿಗೆ ಅದರಲ್ಲಿ ರಕ್ಷಣೆ ಇತ್ತು. ಕಕ್ಷಿದಾರ ವಕೀಲನಿಗೆ ಹೇಳಿದ್ದಕ್ಕೂ ಇತ್ತು. ಪಾದ್ರಿಯ ಹೆಸರು ಎಲ್ಲೂ ಇರಲಿಲ್ಲ. ಡಾಕ್ಟರ ಹೆಸರೂ ಇಲ್ಲ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ದಂಪತಿಯ ಮಾತು ಈಗ ಕಲಂ 128, ವಕೀಲರದ್ದು ಕಲಂ 132. ನಂಬರು ಬದಲಾಯಿತು. ಪಾದ್ರಿ ಆಗಲೂ ಹೊರಗೆ, ಈಗಲೂ ಹೊರಗೆ.

ಇನ್ನೊಂದು ಮಾತು ಜಾಸ್ತಿ ಜನರಿಗೆ ಗೊತ್ತಿಲ್ಲ. ಹಳೆ ಕಾಯ್ದೆಯ ಕಲಂ 29 ನೋಡಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟು ತಪ್ಪೊಪ್ಪಿಗೆ ಪಡೆದಿದ್ದರೂ, ಆ ಒಂದೇ ಕಾರಣಕ್ಕೆ ಅದು ಸಾಕ್ಷ್ಯ ಅಲ್ಲ ಅಂತ ತಳ್ಳಿಹಾಕುವಂತಿಲ್ಲ ಅನ್ನುತ್ತದೆ ಅದು. ಹೊಸ ಕಾನೂನಿನಲ್ಲಿ ಅದೇ ಮಾತನ್ನು ಕಲಂ 22ರೊಳಗೆ ಸೇರಿಸಿದ್ದಾರೆ. ಅಂದರೆ ಗುಟ್ಟಿನ ವಚನವನ್ನು ಕಾನೂನು ಕಣ್ಣಿಟ್ಟು ನೋಡಿದೆ, ನೋಡಿಯೇ ಪಕ್ಕಕ್ಕಿಟ್ಟಿದೆ. ಮರೆತು ಬಿಟ್ಟದ್ದಲ್ಲ.

ಸಂವಿಧಾನದ 25ನೇ ವಿಧಿ ಇದೆ, ಧರ್ಮಾಚರಣೆಯ ಹಕ್ಕು. ಆ ವಿಧಿಯ ಮೊದಲ ಸಾಲಿನಲ್ಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಅಂತ ಇದೆ. ಫಾದರ್ ಪರವಾಗಿ ನಾನು ಕೋರ್ಟಿನಲ್ಲಿ ನಿಂತರೆ ಆ ವಿಧಿಯನ್ನೇ ಹಿಡಿದು ವಾದಿಸುತ್ತೇನೆ. ಗೆದ್ದೇ ಗೆಲ್ಲುತ್ತೇನೆ ಅಂತ ಮಾತ್ರ ಹೇಳಲಾರೆ. ಪಾಪನಿವೇದನೆಯಲ್ಲಿ ಹೇಳಿದ್ದನ್ನೇ ಹಿಡಿದು ಪಾದ್ರಿಗಳು ಒಬ್ಬ ಹೆಂಗಸನ್ನು ಬೆದರಿಸಿದರು ಅನ್ನುವ ಆರೋಪದ ಕೇರಳದ ಪ್ರಕರಣ 2018ರಲ್ಲಿ ದೊಡ್ಡ ಸುದ್ದಿ ಆಯಿತಲ್ಲ, ಅದು ಆರ್ಥೊಡಾಕ್ಸ್ ಸಭೆಯದು, ಕ್ಯಾಥೊಲಿಕರದ್ದಲ್ಲ. ಆಗ ರಾಷ್ಟ್ರೀಯ ಮಹಿಳಾ ಆಯೋಗ ಪಾಪನಿವೇದನೆಯ ಪದ್ಧತಿಯನ್ನೇ ನಿಲ್ಲಿಸಬೇಕು ಅಂತ ಶಿಫಾರಸು ಮಾಡಿತು. ಪದ್ಧತಿ ಅಸಾಂವಿಧಾನಿಕ ಅಂತ ಸಾರಲು ಕೇಳಿದ ಅರ್ಜಿಯನ್ನು ಕೇರಳ ಹೈಕೋರ್ಟ್ ವಜಾ ಮಾಡಿತು. ಪದ್ಧತಿ ಉಳಿಯಿತು. ಪಾದ್ರಿ ಸಾಕ್ಷಿಕಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡಿರಬಹುದಾ ಅನ್ನುವ ಪ್ರಶ್ನೆಗೆ ಅದರಿಂದ ಉತ್ತರ ಸಿಗಲಿಲ್ಲ.

ಈಗ ನಿಮ್ಮ ಫಾದರ್ ವಿಷಯ. ಪೊಲೀಸರು ಅವರನ್ನು ಕೇಳಬಹುದು. ಪೊಲೀಸ್ ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 180ರ ಪ್ರಕಾರ, ತನ್ನನ್ನೇ ಸಿಕ್ಕಿಸುವ ಪ್ರಶ್ನೆ ಬಿಟ್ಟು ಉಳಿದದ್ದಕ್ಕೆ ನಿಜ ಹೇಳಬೇಕು. ಆದರೆ 60 ದಾಟಿದವರನ್ನು ಠಾಣೆಗೆ ಕರೆಸುವಂತಿಲ್ಲ. ಕೇಳುವುದಿದ್ದರೆ ಅವರು ಇದ್ದಲ್ಲಿಗೇ ಹೋಗಿ ಕೇಳಬೇಕು. ಕಲಂ 179ರಲ್ಲಿ ಇದೆ. ಹೆಂಗಸರಿಗೂ ಅದೇ ನಿಯಮ. ನಿಮ್ಮ ಬಾಯಿಯನ್ನು ಎರಡು ದಿನ ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದೇ ತಪ್ಪು. ಅದನ್ನು ಓದಿ ನನಗೆ ಸಿಟ್ಟು ಬಂತು.

ಕಳ್ಳಮಾಲಿನ ಕೇಸು ಅನ್ನುವುದು ಸುಮ್ನೆ ಹೆದರಿಸುವ ಮಾತು. ಕದ್ದ ಮಾಲನ್ನು ಅಪ್ರಾಮಾಣಿಕವಾಗಿ ಪಡೆದರೆ ಮಾತ್ರ ಅಪರಾಧ. ಧಣಿಗೆ ತಲುಪಿಸಲೆಂದೇ ಪಡೆದದ್ದು ಹೇಗೆ ಅಪ್ರಾಮಾಣಿಕ ಆಗುತ್ತದೆ?

ಇದೇ ಥರದ ಒಂದು ಕೇಸು 1813ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆಯಿತು. ಕೋಲ್‌ಮನ್ ಅನ್ನುವ ಜೆಸ್ವಿಟ್ ಪಾದ್ರಿ ಕಳುವಾದ ಮಾಲನ್ನು ಧಣಿಗೆ ವಾಪಸ್ ಮುಟ್ಟಿಸಿದರು. ಯಾರು ಕೊಟ್ಟರು ಹೇಳಿ ಅಂತ ಕೋರ್ಟು ಕೇಳಿತು. ಅವರು ಹೇಳಲಿಲ್ಲ. ಹೇಳಿದರೆ ನಾನು ಪಾದ್ರಿಯಾಗಿ ಉಳಿಯುವುದಿಲ್ಲ, ಜೈಲಿಗೆ ಕಳಿಸಿದರೂ ಸರಿ ಅನ್ನುವುದು ಅವರ ನಿಲುವು. ಪೀಠದಲ್ಲಿದ್ದವರು ನಗರದ ಮೇಯರ್ ಡಿವಿಟ್ ಕ್ಲಿಂಟನ್. ಪಾದ್ರಿಯನ್ನು ಬಲವಂತ ಮಾಡುವಂತಿಲ್ಲ ಅಂತ ತೀರ್ಪು ಬಂತು. 1828ರಲ್ಲಿ ನ್ಯೂಯಾರ್ಕ್ ರಾಜ್ಯ ಅದನ್ನೇ ಕಾನೂನು ಮಾಡಿತು. ಅದು ಅಮೆರಿಕದ ಮಾತು. ನಾವು ಇಂಗ್ಲೆಂಡಿನ ದಾರಿ ಹಿಡಿದವರು. ಅಲ್ಲಿನ ಕಾನೂನು ಈ ರಕ್ಷಣೆಯನ್ನು ಸ್ಪಷ್ಟವಾಗಿ ಕೊಟ್ಟಿಲ್ಲ.

ಕಡಲಬದಿ, ಕಾರವಾರ:

ಸರ್, ತುಂಬಾ ಥ್ಯಾಂಕ್ಸ್. ಅಂದರೆ ಇಷ್ಟು ವರ್ಷ ನಾನು ಕುಮ್ಸಾರಿನ ಜಾಲರಿಯ ಆಚೆ ಹೇಳಿಕೊಂಡದ್ದೆಲ್ಲ ಕಾನೂನಿನ ಭರವಸೆಯಲ್ಲಿ ಅಲ್ಲ, ಆಚೆ ಕೂತ ಒಬ್ಬ ಮನುಷ್ಯನ ಭರವಸೆಯಲ್ಲಿ. ಓದಿ ಭಯ ಆಗುತ್ತದೆ ಅಂದುಕೊಂಡಿದ್ದೆ. ಭಯ ಆಗಲಿಲ್ಲ. ಫಾದರ್ ಮೇಲೆ ಗೌರವವೇ ಜಾಸ್ತಿ ಆಯಿತು.

ಆದರೆ ಬಾಯಿಯ ಪ್ರಶ್ನೆ ಹಾಗೇ ಉಳಿದಿದೆ.

ಶರಾವತಿ ದಡ, ಹೊನ್ನಾವರ:

ನಾನು ಪಾದ್ರಿಯಾಗಲು ಐದು ವರ್ಷ ಗುರುಮಠದಲ್ಲಿ ಓದಿ ಬಿಟ್ಟು ಬಂದವನು. ಈಗ ಅಂಗಡಿ ಇದೆ, ಹೆಂಡತಿ ಮಕ್ಕಳಿದ್ದಾರೆ. ಆದರೆ ಈ ಪಾಠ ಮರೆತಿಲ್ಲ, ಮರೆಯಲು ಬಿಡುವಂತೆ ಕಲಿಸಲೂ ಇಲ್ಲ.

ಮೊದಲು ಒಂದು ಸಣ್ಣ ವಿಷಯ. ಸರ ಕುಮ್ಸಾರಿನಲ್ಲಿ ಬಂತು ಅಂತ ನಿಮ್ಮ ಫಾದರ್ ಹೇಳಿದರಾ? ನೀವು ಬರೆದದ್ದನ್ನು ಎರಡು ಸಲ ಓದಿದೆ. ಹೇಳಿಲ್ಲ. ಅದು ನಿಮ್ಮ ಊಹೆ. ಅವರು ಅಷ್ಟನ್ನೂ ಬಿಟ್ಟುಕೊಟ್ಟಿಲ್ಲ ಅನ್ನುವುದನ್ನು ಗಮನಿಸಿ.

ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆ ಈಗ ಇರುವುದು 1983ರದ್ದು. ಅದರ 983ನೇ ನಿಯಮದ ಪ್ರಕಾರ ಗುರು, ಅಂದರೆ ಪಾದ್ರಿ, ಮಾತಿನಿಂದಾಗಲಿ, ಬೇರೆ ಯಾವ ರೀತಿಯಿಂದಾಗಲಿ, ಯಾವ ಕಾರಣಕ್ಕಾಗಲಿ ಪಾಪನಿವೇದನೆ ಮಾಡಿದವರನ್ನು ಬಿಟ್ಟುಕೊಡುವಂತಿಲ್ಲ. "ಬೇರೆ ಯಾವ ರೀತಿ" ಅನ್ನುವುದಕ್ಕೆ ನಮ್ಮ ಅಧ್ಯಾಪಕರು ಒಂದು ತರಗತಿ ಪೂರ್ತಿ ಕೊಟ್ಟಿದ್ದರು. ಹುಬ್ಬು ಏರಿಸುವುದು, ಒಬ್ಬರನ್ನು ಕಂಡಾಗ ಮಾತು ಕಡಿಮೆ ಮಾಡುವುದು, ಎಂದಿನಂತೆ ಬಾಗಿಲು ತೆರೆದಿಟ್ಟು ಹೋಗುವವರು ಬೀಗ ಹಾಕತೊಡಗುವುದು, ಇವೆಲ್ಲ ಅದರಲ್ಲಿ ಬರುತ್ತವೆ ಅನ್ನುತ್ತಿದ್ದರು. 984ನೇ ನಿಯಮ ಇನ್ನೂ ಮುಂದೆ ಹೋಗುತ್ತದೆ. ಗುಟ್ಟು ಬಯಲಾಗುವ ಭಯ ಒಂದಿಷ್ಟೂ ಇಲ್ಲದಿದ್ದರೂ, ಕೇಳಿದ್ದನ್ನು ಆ ಮನುಷ್ಯನಿಗೆ ತೊಂದರೆ ಆಗುವಂತೆ ಬಳಸುವಂತಿಲ್ಲ. ಕಳ್ಳತನ ಒಪ್ಪಿಕೊಂಡವನೇ ಇಗರ್ಜಿಯ ಕಾಣಿಕೆ ಎಣಿಸುವವನಾಗಿದ್ದರೆ, ಮರುದಿನ ಆ ಕೆಲಸದಿಂದ ಅವನನ್ನು ಬಿಡಿಸುವಂತಿಲ್ಲ. ನೇರವಾಗಿ ಗುಟ್ಟು ಒಡೆದ ಗುರು ಒಡೆದ ಕ್ಷಣದಲ್ಲೇ ಬಹಿಷ್ಕೃತ. ಯಾರೂ ತೀರ್ಪು ಕೊಡಬೇಕಿಲ್ಲ. ಅದನ್ನು ತೆಗೆಯುವ ಅಧಿಕಾರ ಬಿಷಪರಿಗೂ ಇಲ್ಲ, ರೋಮಿಗೇ ಹೋಗಬೇಕು. ಇದು ಇವತ್ತು ನಿನ್ನೆಯ ಮಾತಲ್ಲ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಗುಟ್ಟು ಒಡೆದ ಗುರುವಿನ ಪದವಿ ಕಿತ್ತು, ಸಾಯುವವರೆಗೆ ಪ್ರಾಯಶ್ಚಿತ್ತ ಮಾಡಲು ಕಟ್ಟುನಿಟ್ಟಿನ ಮಠಕ್ಕೆ ಸೇರಿಸಬೇಕು ಅಂತ ಬರೆದಿದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ನಾನು ಗುರುಮಠದಲ್ಲಿ ಇದನ್ನೇ ಕೇಳಿದ್ದೆ. ಒಬ್ಬ ನಿರಪರಾಧಿ ಅಂತ ಗೊತ್ತಿದ್ದರೆ "ಅವನಲ್ಲ" ಅನ್ನಬಹುದಲ್ಲ ಅಂತ. ಅಧ್ಯಾಪಕರು ಉತ್ತರ ಹೇಳಲಿಲ್ಲ. ಬೆಂಚಿನಲ್ಲಿದ್ದ ನಮ್ಮ ನಾಲ್ವರನ್ನು ಎಬ್ಬಿಸಿ ನಿಲ್ಲಿಸಿದರು. ನನ್ನ ಪೆನ್ನು ಇವರಲ್ಲಿ ಒಬ್ಬರು ತೆಗೆದಿದ್ದಾರೆ, ನನಗೆ ಗೊತ್ತು ಅಂದರು. ಮೊದಲನೆಯವನನ್ನು ನೋಡಿ "ಇವನಲ್ಲ". ಎರಡನೆಯವನನ್ನು ನೋಡಿ "ಇವನಲ್ಲ". ಮೂರನೆಯವನನ್ನು ನೋಡಿ ಸುಮ್ಮನಾದರು. ಇಡೀ ತರಗತಿ ತಿರುಗಿ ಮೂರನೆಯವನನ್ನು ನೋಡಿತು. ಆ ಮೂರನೆಯವ ನಾನೇ. ಪೆನ್ನು ನನ್ನ ಹತ್ತಿರ ಇರಲಿಲ್ಲ, ಅದು ಬರೀ ಪಾಠ. ಆದರೂ ಆ ಹತ್ತು ಸೆಕೆಂಡು ಕಿವಿ ಬಿಸಿಯಾಗಿದ್ದು ಇನ್ನೂ ನೆನಪಿದೆ.

ನಿಮ್ಮ ಫಾದರ್ ಇವತ್ತು ಬಾಯಿ ಅಲ್ಲ ಅಂದರೆ, ನಾಳೆ ನಿಮ್ಮಣ್ಣ ಬಣ್ಣ ಬಳಿದವರ ಹೆಸರು ಕೇಳುತ್ತಾರೆ. ನಾಡಿದ್ದು ಚಿಕ್ಕಮ್ಮನ ಮಗನ ಹೆಸರು. ಎಲ್ಲಿ ಸುಮ್ಮನಾಗುತ್ತಾರೋ ಅಲ್ಲೇ ಹೆಸರು ಹೊರಬಿತ್ತು ಅಂತ ಅರ್ಥ. ಹಾಗಾಗಿ ಎಲ್ಲ ಹೆಸರಿಗೂ ಒಂದೇ ಮೌನ ಇರಬೇಕು. ಕಷ್ಟ ಇದೆ. ಬಾಯಿಗೆ ಅನ್ಯಾಯ ಆಗುತ್ತಿದೆ ಅನ್ನುವುದು ಅವರಿಗೂ ಗೊತ್ತಿರುತ್ತದೆ. ಅದನ್ನು ನುಂಗಿಕೊಂಡು ಇರುವುದೂ ಆ ಕೆಲಸದ ಭಾಗವೇ. ನನ್ನಿಂದ ಆಗುವುದಿಲ್ಲ ಅನ್ನಿಸಿದ್ದಕ್ಕೇ ನಾನು ಬಿಟ್ಟು ಬಂದೆ. ಬೇರೆ ಕಾರಣವೂ ಇತ್ತು, ಆದರೆ ಇದೇ ದೊಡ್ಡದು.

ಒಂದು ಕೆಲಸ ಮಾತ್ರ ಗುರು ಮಾಡಬಹುದು, ಮಾಡಲೇಬೇಕು. ಕದ್ದದ್ದನ್ನು ಹಿಂದಿರುಗಿಸದೆ ಪಶ್ಚಾತ್ತಾಪ ಪೂರ್ತಿ ಆಗುವುದಿಲ್ಲ. ಸರ ನಿಮ್ಮ ಕೈಗೆ ಬಂದದ್ದು ಆ ದಾರಿಯಿಂದ ಇರಬಹುದು. ಆದರೆ ಪೊಲೀಸರಿಗೆ ಶರಣಾಗು, ಆಮೇಲೆ ಪಾಪಕ್ಷಮೆ ಕೊಡುತ್ತೇನೆ ಅಂತ ಷರತ್ತು ಹಾಕುವಂತಿಲ್ಲ. 2019ರಲ್ಲಿ ವ್ಯಾಟಿಕನ್ ಹೊರಡಿಸಿದ ಟಿಪ್ಪಣಿಯಲ್ಲಿ ಅದನ್ನು ಬಿಡಿಸಿ ಹೇಳಿದೆ. ನಿವೇದನೆ ಮಾಡಿದವನೇ ಬಂದು "ಹೇಳಿಬಿಡಿ ಫಾದರ್, ನನ್ನದೇನೂ ಅಭ್ಯಂತರ ಇಲ್ಲ" ಅಂದರೂ ಗುರು ಬಿಡುಗಡೆ ಆಗುವುದಿಲ್ಲ ಅಂತಲೂ ಅದರಲ್ಲಿದೆ.

ಮಕ್ಕಳ ಜೊತೆ, ಕುಮಟಾ:

ಸರದ ವಿಷಯದಲ್ಲಿ ಹೊನ್ನಾವರದವರ ಮಾತು ಒಪ್ಪುತ್ತೇನೆ. ಆದರೆ ಇಲ್ಲಿ ಎಲ್ಲರೂ ತಲೆ ಆಡಿಸುತ್ತಿರುವುದು ನೋಡಿ ಒಂದು ಮಾತು ಹೇಳಲೇಬೇಕು. ನಾನು ಹತ್ತು ವರ್ಷದಿಂದ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ. ಸರದ ಜಾಗದಲ್ಲಿ ಒಂದು ಮಗು ಇದ್ದರೆ?

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ 2012ರದ್ದು. ಅದರ ಕಲಂ 19ರಲ್ಲಿ "ಯಾವುದೇ ವ್ಯಕ್ತಿ" ಅಂತ ಇದೆ. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, ಆಗಬಹುದು ಅನ್ನಿಸಿದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಕಲಂ 21ರ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಪಾದ್ರಿಗೆ ವಿನಾಯಿತಿ ಬರೆದಿಲ್ಲ. ಸ್ವಾಮಿಗಳಿಗೂ ಇಲ್ಲ, ಮೌಲ್ವಿಗೂ ಇಲ್ಲ.

ಆಸ್ಟ್ರೇಲಿಯಾದಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ತನಿಖೆ ಮಾಡಿದ ರಾಯಲ್ ಕಮಿಷನ್ ವರದಿ 2017ರಲ್ಲಿ ಬಂದ ಮೇಲೆ ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್ ರಾಜ್ಯಗಳು ಪಾಪನಿವೇದನೆಯಲ್ಲಿ ಕೇಳಿದ್ದನ್ನೂ ವರದಿ ಮಾಡಬೇಕು ಅಂತ ಕಾನೂನು ತಂದವು. ಅಮೆರಿಕದ ವಾಷಿಂಗ್ಟನ್ ರಾಜ್ಯ 2025ರಲ್ಲಿ ಅಂಥದ್ದೇ ಕಾನೂನು ಮಾಡಿತು. ಬಿಷಪರು ಕೋರ್ಟಿಗೆ ಹೋದರು, ಜುಲೈನಲ್ಲಿ ಫೆಡರಲ್ ನ್ಯಾಯಾಧೀಶರು ತಡೆ ಕೊಟ್ಟರು. ಆ ಸುದ್ದಿ ಓದಿದ ದಿನ ನನ್ನ ಮುಂದೆ ಒಂಬತ್ತು ವರ್ಷದ ಹುಡುಗಿ ಕೂತಿದ್ದಳು. ಮನೆಯಲ್ಲಿ ಮೂವರು ದೊಡ್ಡವರಿಗೆ ಗೊತ್ತಿತ್ತು. ಮೂವರೂ ಮರ್ಯಾದೆಗೆ ಅಂಜಿ ಸುಮ್ಮನಿದ್ದರು. ಅವರಲ್ಲಿ ಯಾರೂ ಪಾದ್ರಿ ಅಲ್ಲ. ಆದರೆ ದೊಡ್ಡವರ ಮೌನಕ್ಕೆ ಮಗು ಕೊಡುವ ಬೆಲೆ ಏನು ಅಂತ ನಾನು ದಿನಾ ನೋಡುತ್ತೇನೆ. ಮೌನವನ್ನು ಹೊಗಳುವ ಮುಂಚೆ ಅದನ್ನೂ ನೆನೆಯಿರಿ.

ಶರಾವತಿ ದಡ, ಹೊನ್ನಾವರ:

ಅಕ್ಕಾ, ನಿಮ್ಮ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಧರ್ಮಸಭೆ ಈ ವಿಷಯದಲ್ಲೂ ಮುದ್ರೆ, ಅಂದರೆ ಕುಮ್ಸಾರಿನ ಗುಟ್ಟು, ಒಡೆಯಬಾರದು ಅನ್ನುತ್ತದೆ, ದೇಶದ ಕಾನೂನು ಹೇಳಲೇಬೇಕು ಅನ್ನುತ್ತದೆ. ನಡುವೆ ಸಿಕ್ಕ ಗುರು ಜೈಲಿಗೆ ಹೋಗಲು ತಯಾರಿರಬೇಕು. ಅಷ್ಟೇ ನನಗೆ ಕಾಣುವುದು.

ಒಂದನ್ನು ಮಾತ್ರ ಸ್ಪಷ್ಟ ಮಾಡುತ್ತೇನೆ, ಏಕೆಂದರೆ ಇದನ್ನು ತಪ್ಪಾಗಿ ತಿಳಿದು ಜನ ಸುಮ್ಮನಿರುತ್ತಾರೆ. ಮುದ್ರೆ ಇರುವುದು ಪಾಪನಿವೇದನೆಯ ಸಂಸ್ಕಾರಕ್ಕೆ ಮಾತ್ರ. ಗುರುಮನೆಯ ಜಗಲಿಯಲ್ಲಿ ಕೂತು ಹೇಳಿದ್ದು, ಫೋನಿನಲ್ಲಿ ಹೇಳಿದ್ದು, ಮಗುವಿನ ತಾಯಿ ಬಂದು ಅತ್ತು ಹೇಳಿದ್ದು ಯಾವುದೂ ಅದರಲ್ಲಿ ಬರುವುದಿಲ್ಲ. ಅದನ್ನು ಮುಚ್ಚಿಟ್ಟ ಗುರು ಮುದ್ರೆಯ ನೆಪ ಹೇಳುವಂತಿಲ್ಲ. ಪೋಪ್ ಫ್ರಾನ್ಸಿಸ್ 2019ರ ಮೇನಲ್ಲಿ ಹೊರಡಿಸಿದ ಆದೇಶದಲ್ಲಿ ಗುರುಗಳು, ಧಾರ್ಮಿಕರು ಇಂಥ ವಿಷಯ ಗೊತ್ತಾದ ಕೂಡಲೇ ಧರ್ಮಸಭೆಗೆ ವರದಿ ಮಾಡಬೇಕು ಅಂತ ಕಡ್ಡಾಯ ಇದೆ. ಮತ್ತೆ, ಕುಮ್ಸಾರಿಗೆ ಬಂದ ಮಗುವೇ ತನಗಾದದ್ದನ್ನು ಹೇಳಿದರೆ, ಒಳ್ಳೆಯ ಗುರು ಅದನ್ನು ಅಲ್ಲಿಗೇ ಬಿಡುವುದಿಲ್ಲ. "ಮಗಾ, ಇದು ನಿನ್ನ ಪಾಪ ಅಲ್ಲ. ಇದನ್ನು ಅಮ್ಮನಿಗೋ ಟೀಚರಿಗೋ ಹೇಳು. ನನಗೇ ಹೇಳುವುದಾದರೆ ಹೊರಗೆ ಬಂದು ಇನ್ನೊಮ್ಮೆ ಹೇಳು" ಅನ್ನುತ್ತಾನೆ. ಹೊರಗೆ ಹೇಳಿದ ಮೇಲೆ ಅದು ಎಲ್ಲರಂತೆ ಅವನಿಗೂ ಗೊತ್ತಾದ ವಿಷಯ.

ಮಕ್ಕಳ ಜೊತೆ, ಕುಮಟಾ:

ಹೊರಗೆ ಬಂದು ಇನ್ನೊಮ್ಮೆ ಹೇಳುವ ಧೈರ್ಯ ಎಲ್ಲ ಮಕ್ಕಳಿಗೆ ಇರುವುದಿಲ್ಲ. ಆದರೆ ಜಗಲಿಯ ಮಾತು ಬರೆದದ್ದಕ್ಕೆ ಥ್ಯಾಂಕ್ಸ್. ಇದನ್ನು ಪ್ರತಿ ಇಗರ್ಜಿಯಲ್ಲೂ ಹೇಳಬೇಕು. ಓದುತ್ತಿರುವವರಲ್ಲಿ ಯಾರಿಗಾದರೂ ಬೇಕಾದರೆ ಮಕ್ಕಳ ಸಹಾಯವಾಣಿ 1098.

ಕರಿಕೋಟು, ಶಿರಸಿ:

ಮತ್ತೆ ಮೂಲ ಪ್ರಶ್ನೆಗೆ. ಕಡಲಬದಿಯವರೇ, ನಿನ್ನೆಯಿಂದ ಯೋಚನೆ ಮಾಡುತ್ತಿದ್ದೇನೆ. ಬಾಯಿ ಕದ್ದಿಲ್ಲ ಅನ್ನುವ ಮಾತನ್ನು ನೀವು ಫಾದರ್ ಬಾಯಿಂದ ಯಾಕೆ ಕೇಳುತ್ತಿದ್ದೀರಿ? ಅವರ ಹೆಸರು ಬರೆದುಕೊಟ್ಟಿದ್ದು ಫಾದರ್ ಅಲ್ಲ. ನೀವು. ಬೇಜಾರು ಮಾಡಿಕೊಳ್ಳಬೇಡಿ. ಬರೆದವರು ನೀವಾದ್ದರಿಂದಲೇ ತಿದ್ದುವ ದಾರಿಯೂ ನಿಮ್ಮ ಕೈಯಲ್ಲಿದೆ.

ಠಾಣೆಗೆ ಒಂದು ಅರ್ಜಿ ಬರೆಯಿರಿ. ಸರ ವಾಪಸ್ ಸಿಕ್ಕಿದೆ, ಇಂಥವರ ಮೇಲೆ ನನಗೆ ಈಗ ಅನುಮಾನ ಇಲ್ಲ, ಆಗ ಬರೆದದ್ದಕ್ಕೂ ನನ್ನ ಹತ್ತಿರ ಯಾವ ಆಧಾರ ಇರಲಿಲ್ಲ ಅಂತ ಸ್ಪಷ್ಟ ಬರೆಯಿರಿ. ಕೊಟ್ಟು ಹಿಂಬರಹ ತೆಗೆದುಕೊಳ್ಳಿ. ಸರವನ್ನೂ ತೋರಿಸಬೇಕಾಗುತ್ತದೆ. ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರೆ ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ಆ ನೀಲಿ ನೂಲನ್ನು ಮಾತ್ರ ಬಿಚ್ಚಬೇಡಿ. ಗುರುತಿಗೆ ಅದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ಹೇಗೆ ಸಿಕ್ಕಿತು ಅಂತ ಕೇಳಿದರೆ ನಿಜವನ್ನೇ ಹೇಳಿ, ಸುಳ್ಳು ಬೇಡ. ಫಾದರನ್ನು ಕೇಳಬಹುದು. ಅವರು ಹೇಳುವುದಿಲ್ಲ ಅನ್ನಬಹುದು. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಶಿಕ್ಷೆ ಇದೆ. ಆದರೆ ಮಾಲು ಸಿಕ್ಕಿ ದೂರುದಾರರೇ ತೃಪ್ತರಾದ ಮೇಲೆ ಒಬ್ಬ ಗುರುವನ್ನು ಕಟಕಟೆಗೆ ಎಳೆದದ್ದನ್ನು ನನ್ನ ಇಪ್ಪತ್ತು ವರ್ಷದಲ್ಲಿ ನೋಡಿಲ್ಲ. ಜಾಸ್ತಿ ಅಂದರೆ ಕಳ್ಳ ಪತ್ತೆಯಾಗಲಿಲ್ಲ ಅಂತ ಸಿ ರಿಪೋರ್ಟ್ ಹಾಕುತ್ತಾರೆ. ಅಂಥ ಪ್ರಸಂಗ ಬಂದರೆ ನನಗೆ ತಿಳಿಸಿ. ಕಾರವಾರಕ್ಕೆ ನಾನೇ ಬರುತ್ತೇನೆ, ಫೀಸಿನ ಮಾತು ಬೇಡ.

ಕಡಲಬದಿ, ಕಾರವಾರ:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ವಕೀಲರ ಮಾತು ಓದಿ ಮೊದಲು ಅತ್ತೆ. ಆಮೇಲೆ ಅರ್ಜಿ ಬರೆದೆ. ಮೂರು ಸಲ ಹರಿದು ಹಾಕಿ ನಾಲ್ಕನೇ ಸಲ ಸರಿ ಬಂತು. "ಅನುಮಾನ ಇಲ್ಲ" ಅಂತ ಬರೆಯುವುದು ಸುಲಭ. "ಆಗಲೂ ಆಧಾರ ಇರಲಿಲ್ಲ" ಅನ್ನುವ ಸಾಲಿಗೆ ಕೈ ನಿಂತು ನಿಂತು ಬಂತು. ಕೊಟ್ಟು ಹಿಂಬರಹ ತೆಗೆದುಕೊಂಡೆ. ಸರದ ಫೋಟೋ ತೆಗೆದು ಪಂಚನಾಮೆ ಮಾಡಿದರು. ನೂಲಿನ ಗಂಟಿನ ಫೋಟೋ ಬೇರೆಯಾಗಿ ತೆಗೆದರು. ಫಾದರ್ ಹತ್ತಿರ ಒಬ್ಬರು ಹೋಗಿ ಬಂದರಂತೆ. ಅವರು ಚಹಾ ಕೊಟ್ಟು "ನನಗೆ ಹೇಳಲು ಏನೂ ಇಲ್ಲ" ಅಂದರಂತೆ. ಅಷ್ಟಕ್ಕೇ ಬಿಟ್ಟಿದ್ದಾರೆ. ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಬಾಯಿಯೇ ತೆಗೆದಿರಬಹುದಲ್ಲ ಅಂತ ಅಣ್ಣ ಕೊನೆಯಲ್ಲಿ ಕೇಳಿದ. ಇರಬಹುದು. ನಮ್ಮ ಚಿಕ್ಕಮ್ಮನ ಮಗನೂ ಇರಬಹುದು. ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಗೊತ್ತಿಲ್ಲದೆಯೇ ಹೆಸರು ಬರೆದಿದ್ದೆ. ಗೊತ್ತಿಲ್ಲದೆಯೇ ಅದನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು.

ನಿನ್ನೆ ಭಾನುವಾರ ಪೂಜೆ ಮುಗಿಸಿ ಬಾಯಿಯ ಮನೆಗೆ ಹೋದೆ. ಅಂಗಳದಲ್ಲಿ ಕೂತು ಚಿಪ್ಪಿ ಒಡೆಯುತ್ತಿದ್ದರು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ಕೂರಿ ಅನ್ನಲಿಲ್ಲ. ನಾನು ನಿಂತೇ ಹೇಳಿದೆ. ತಪ್ಪಾಯಿತು ಅಂದೆ. ಸರ ಸಿಕ್ಕಿದೆ ಅಂದೆ, ಠಾಣೆಗೆ ಬರೆದುಕೊಟ್ಟಿದ್ದೇನೆ ಅಂದೆ. ಬಹಳ ಹೊತ್ತು ಕತ್ತಿಯ ಸದ್ದು ಬಿಟ್ಟರೆ ಬೇರೆ ಇಲ್ಲ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಎದ್ದು, "ಆ ಕಾಗದ ತೋರಿಸಿ" ಅಂದರು. ಅವರಿಗೆ ಓದಲು ಬರುವುದಿಲ್ಲ. ಮಗಳನ್ನು ಕರೆದು ಓದಿಸಿದರು. ಹುಡುಗಿ ಏಳನೇ ಕ್ಲಾಸು, ನಿಧಾನ ಓದಿದಳು. ತಾಯಿಯ ಹೆಸರು ಬಂದಲ್ಲಿ ಒಂದು ಸಲ ತಡೆದಳು. ಪೂರ್ತಿ ಆದ ಮೇಲೆ ಬಾಯಿ ಇನ್ನೊಮ್ಮೆ ಓದು ಅಂದರು.

ಎರಡನೇ ಸಲ ಮುಗಿದ ಮೇಲೆ ನನ್ನನ್ನು ನೋಡಿ ಹೇಳಿದ್ದು ಇಷ್ಟೇ. "ಇದರದ್ದು ಎರಡು ಝೆರಾಕ್ಸ್ ಕೊಡಿ. ಆ ಎರಡು ಮನೆಗೂ ತೋರಿಸಬೇಕು."

ಇವತ್ತು ಶಾಲೆ ಬಿಟ್ಟ ಮೇಲೆ ಕಾರವಾರ ಬಸ್‌ಸ್ಟ್ಯಾಂಡ್ ಹತ್ತಿರ ಇಳಿದು ಮೂರು ಪ್ರತಿ ಮಾಡಿಸಿದ್ದೇನೆ. ಒಂದು ಬಾಯಿಗೇ ಇರಲಿ ಅಂತ.